ತಾಯಿಫಿನ ಮೂರು ಶೀಶೆ ಅತ್ತರು

ಮೊನ್ನೆ ಸೌದಿಯ ದಹ್ರಾನಿನಲ್ಲಿ ಕಚೇರಿಯ ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಯಾರೂ ಇರಲಿಲ್ಲ. ಯಾರೋ ಬಿಟ್ಟುಹೋದ ಗುಲಾಬಿ ಅತ್ತರಿನ ಪರಿಮಳವಷ್ಟೇ ಇತ್ತು. ಜೇನಿನಂತೆ ದಪ್ಪ, ಕೊನೆಯಲ್ಲಿ ತುಸು ಕರಿಮೆಣಸಿನ ಘಾಟು. ಇದು ತಾಯಿಫಿನದು ಎಂದು ಮೂಗು ಹೇಳಿತು. ಆ ಮೂಗನ್ನು ಪಳಗಿಸಿದವರು ಅತ್ತರಿನ ಸಾಹೇಬರು...

ಕೆಲವು ವರ್ಷಗಳ ಹಿಂದೆ ನಾನು ಗುಲಾಬಿಗೆ ಹೆಸರಾದ ಬೆಟ್ಟದೂರು ತಾಯಿಫಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದೆ. ಹಿಂದಿನ ಬೀದಿಯಲ್ಲಿ ಅವರ ಅಂಗಡಿ. ಅವರು ಭಟ್ಕಳದವರು. ನಾನು ಕುಂದಾಪುರದವನೆಂದು ತಿಳಿದ ದಿನವೇ ಸುಲೈಮಾನಿ ಚಹಾ ಕೊಟ್ಟು ಕೂರಿಸಿಕೊಂಡಿದ್ದರು. ಕಣ್ಣು ಮಂಜಾಗಿದ್ದ ಅವರನ್ನು ರಜೆಯ ದಿನ ಕಾರಿನಲ್ಲಿ ಕರೆದೊಯ್ಯುವುದು ಕ್ರಮೇಣ ನನ್ನ ಪಾಲಿಗೆ ಬಂತು.

ಒಂದು ಹೂವಿನ ಕಾಲದಲ್ಲಿ ಬೆಟ್ಟದ ಮೇಲಿನ ಪುಟ್ಟ ತೋಟದಿಂದ, ಅತ್ತರು ಪರೀಕ್ಷಿಸಿ ಹೇಳಬೇಕೆಂದು ಸಾಹೇಬರಿಗೆ ಕರೆ ಬಂತು. ತೋಟದೊಡತಿ ಗಂಡನನ್ನು ಕಳೆದುಕೊಂಡು ಒಂದು ವರ್ಷವಾಗಿತ್ತು. ಮೊದಲ ಬಾರಿಗೆ ತಾವೇ ಹೂವಿನಿಂದ ಅತ್ತರು ಭಟ್ಟಿ ಇಳಿಸಿದ್ದರು. ಅತ್ತರನ್ನು ಕೊಳ್ಳಬೇಕಿದ್ದ ವ್ಯಾಪಾರಿ, ಇದು ಹೆಪ್ಪುಗಟ್ಟಿದೆ, ಮೇಣ ಬೆರೆಸಿದ್ದೀರಿ ಎಂದು ಹಿಂದಿರುಗಿಸಿದ್ದನಂತೆ. ಆ ಮಾತು ಪೇಟೆಯಲ್ಲಿ ಹಬ್ಬಿದರೆ ಮುಗಿಯಿತು. ಗಿಡ ಕಿತ್ತು ಅತಿಥಿಗೃಹ ಕಟ್ಟಿಸಲು ಗಂಡನ ಅಣ್ಣ ಕಾಯುತ್ತಲೇ ಇದ್ದ.

ಸಾಹೇಬರು ಒಂದೇ ಷರತ್ತು ಹಾಕಿದರು: "ಆ ವ್ಯಾಪಾರಿಯೂ ಬರ್ಬೇಕು. ಬೆನ್ನ ಹಿಂದೆ ಮಾತಾಡ್ಲಿಕ್ಕೆ ನನಗೆ ಬರುದಿಲ್ಲ."

ಅವನು ಬಂದ. ಸಾಹೇಬರು ಶೀಶೆಗಳ ಕಡೆ ನೋಡದೆ ನೇರ ಗಿಡಗಳ ನಡುವೆ ಹೋದರು. ಬೆಟ್ಟದ ಚಳಿಗಾಳಿ, ಎಳೆಬಿಸಿಲು ಆಗಷ್ಟೇ ಸಾಲುಗಳಿಗೆ ತಾಗಿತ್ತು. ನಾನೊಂದು ಹೂ ಕಿತ್ತು ಮೂಗಿಗೆ ಒತ್ತಿಕೊಂಡೆ.

"ಎಂತ ಮಾರಾಯ, ಹಾಗೆ ಒತ್ತಿದ್ರೆ ಎಂತ ಗೊತ್ತಾಗ್ತದೆ? ದೂರ ಹಿಡಿ. ವಾಸನೆ ತಾನಾಗಿ ಬರ್ಬೇಕು."

ಬಂತು. ಅವರು ನಕ್ಕು, ಹೂವಿನಲ್ಲಿ ದೋಷ ಇಲ್ಲ ಅಂದರು.

ಒಡತಿ ಮೂರು ಶೀಶೆಗಳನ್ನು ಚಾಪೆಯ ಮೇಲೆ ಇಟ್ಟರು. ಸಾಹೇಬರು ಮೊದಲನೆಯದನ್ನು ಮೂಸಿದವರೇ ಪಕ್ಕಕ್ಕೆ ಸರಿಸಿ, ಅರಬ್ಬಿಯಲ್ಲಿ ಒಡತಿಗೆ ಹೇಳಿಬಿಟ್ಟರು: "ಇದು ಸೀದಿದೆ ತಾಯಿ. ಬೆಂಕಿ ಜಾಸ್ತಿಯಾಯಿತು." ಆಕೆಯ ಕೈ ತಲೆವಸ್ತ್ರದ ಅಂಚನ್ನು ಹಿಂಡಿತು. ಎರಡನೆಯದು ಸಾಧಾರಣ ಎಂದರು. ನನಗೆ ಸಿಟ್ಟೇ ಬಂತು... ಇಷ್ಟು ದೂರ ಬಂದು ಇದನ್ನು ಹೇಳಬೇಕಿತ್ತೇ?

ಮೂರನೆಯದೇ ಮೇಣದ ಆಪಾದನೆ ಹೊತ್ತ ಶೀಶೆ. ಒಳಗೆ ಸೂಜಿಗಳಂತೆ ಹರಳುಗಟ್ಟಿತ್ತು. ಮೂಸಿದರು. ಕಣ್ಣು ಮುಚ್ಚಿ ಮತ್ತೊಮ್ಮೆ ಮೂಸಿದರು. ಆಮೇಲೆ ಶೀಶೆಯನ್ನು ವ್ಯಾಪಾರಿಯ ಅಂಗೈಯಲ್ಲೇ ಇಟ್ಟು, ಅವನ ಬೆರಳುಗಳನ್ನು ಮಡಿಸಿ, "ಬಿಡಬೇಡ" ಎಂದರು.

ಚಹಾ ಮುಗಿಯುವಷ್ಟು ಹೊತ್ತು. ಅವನು ಮುಷ್ಟಿ ಬಿಚ್ಚಿದಾಗ ಅತ್ತರು ತಿಳಿಯಾಗಿ, ಹೊನ್ನಿನ ಬಣ್ಣದಲ್ಲಿ ಅಲುಗಾಡುತ್ತಿತ್ತು.

"ಬರಿಯ ಕೈಯ ಬಿಸಿಗೆ ಇಷ್ಟು ಬೇಗ ಮೇಣ ಕರಗುವುದನ್ನು ಕಂಡಿದ್ದೀಯಾ?" ಎಂದು ಸಾಹೇಬರು ಕೇಳಿದರು. "ಒಳ್ಳೆಯ ಗುಲಾಬಿ ಚಳಿಗೆ ಹೆಪ್ಪುಗಟ್ಟುತ್ತದೆ. ನಲವತ್ತು ವರ್ಷದಲ್ಲಿ ಇಂಥದ್ದನ್ನು ನಾನು ಮೂಸಿದ್ದು ಕಡಿಮೆ."

ವ್ಯಾಪಾರಿಯ ಮುಖ ಕೆಂಪಾಯಿತು. ಆದರೆ ಮನುಷ್ಯ ಕೆಟ್ಟವನಲ್ಲ. ಎದ್ದು ನಿಂತು ಒಡತಿಯ ಕ್ಷಮೆ ಕೇಳಿದ. ಸೀದದ್ದನ್ನು ಸೀದಿದೆ ಎಂದವರ ಬಾಯಿಂದ ಬಂದ ಹೊಗಳಿಕೆಯನ್ನು ಅವನು ಅಲ್ಲಗಳೆಯುವುದಾದರೂ ಹೇಗೆ? ಒಡತಿ ಅರಬ್ ಹೆಂಗಸರಂತೆ ನಾಲಿಗೆ ಆಡಿಸಿ ಹಾಕಿದ ಹರ್ಷದ ಕೂಗಿಗೆ ಇಡೀ ಬೆಟ್ಟವೇ ಓಗೊಟ್ಟಿತು. ಇಳಿಜಾರಿನುದ್ದಕ್ಕೂ ಸಾಹೇಬರು ಕಾರಿನ ಕಿಟಕಿ ಇಳಿಸಿಕೊಂಡು, ಮದುವೆ ದಿಬ್ಬಣದಲ್ಲಿ ಹೊರಟವರಂತೆ ತಮ್ಮೂರಿನ ನವಾಯತಿ ನುಡಿಯ ಹಾಡು ಗುನುಗುತ್ತಿದ್ದರು.

ಗಿಡ ಕೀಳುವ ಮಾತು ಮತ್ತೆ ಏಳಲಿಲ್ಲ. ಮರುವರ್ಷ ಆಕೆ ಪಕ್ಕದ ತೋಟವನ್ನೂ ಗೇಣಿಗೆ ಹಿಡಿದರು. ಈಗ ಹೂವಿನ ಕಾಲದಲ್ಲಿ ಕೊಳ್ಳುವವರು ಅವರ ಬಾಗಿಲಲ್ಲಿ ಕಾಯುತ್ತಾರಂತೆ.

ಸಾಹೇಬರು ಅಂಗಡಿ ಮುಚ್ಚಿ ಊರಿಗೆ ಮರಳಿದರು. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ನನಗೆ ರಜೆ ಸಿಗಲಿಲ್ಲ, ಮುಖ ನೋಡಲಾಗಲಿಲ್ಲ...

ಮೊನ್ನೆ ಆ ಲಿಫ್ಟಿನಿಂದ ಇಳಿದವನೇ ತೋಟದೊಡತಿಗೆ ಫೋನ್ ಮಾಡಿ, ಇಷ್ಟು ದಿನ ಹೇಳದೆ ಉಳಿದಿದ್ದ ಸಾವಿನ ಸುದ್ದಿ ತಿಳಿಸಿದೆ. ಆಕೆ ಸಾಹೇಬರಿಗಾಗಿ ಪ್ರಾರ್ಥಿಸಿದರು. ಕೊನೆಗೆ ಹೇಳಿದರು:

"ಎಲ್ಲರೂ ಈಗ ನನ್ನ ಅತ್ತರನ್ನು ಹೊಗಳುತ್ತಾರೆ ಮಗನೇ. ಸೀದಿದೆ ಎನ್ನಲು ಯಾರಿದ್ದಾರೆ?"