ಸರ್ಕಾರದ ಭಿಶಿ

ಆಳಂದದ ಆ ಓಣಿಯಲ್ಲಿ ಸುಭದ್ರಾಬಾಯಿಯ ಬಲಗೈಗೆ ಭಾರಿ ಹೆಸರಿತ್ತು. ಎಡಗೈಯ ಬಗ್ಗೆ ಯಾರಿಗೂ ಏನೂ ಅಭಿಪ್ರಾಯವಿರಲಿಲ್ಲ. ಓಣಿಯ ಹೆಂಗಸರು ಸೇರಿ ನಡೆಸುತ್ತಿದ್ದ ಭಿಶಿಯ ಚೀಟಿ ಎತ್ತುತ್ತಿದ್ದದ್ದು ಆ ಬಲಗೈ.

ಭಿಶಿ ಗೊತ್ತಿಲ್ಲದವರು ಈ ಸೀಮೆಯಲ್ಲಿ ಇರಲಿಕ್ಕಿಲ್ಲ. ಇದ್ದರೆ ಅವರಿಗಾಗಿ ಒಂದು ಮಾತು. ತಿಂಗಳಿಗೊಮ್ಮೆ ಎಲ್ಲರೂ ಸಮನಾಗಿ ದುಡ್ಡು ಹಾಕುತ್ತಾರೆ. ಎಲ್ಲರ ಹೆಸರಿನ ಚೀಟಿಗಳನ್ನು ತಂಬಿಗೆಗೆ ತುಂಬಿ ಒಂದನ್ನು ಎತ್ತುತ್ತಾರೆ. ಯಾರ ಹೆಸರು ಬಂತೋ ಆ ತಿಂಗಳ ಗಂಟು ಅವರದು. ಅವರ ಚೀಟಿ ಮತ್ತೆ ತಂಬಿಗೆಗೆ ಬೀಳುವುದಿಲ್ಲ, ಆದರೆ ಕೊನೆಯವಳ ಕೈಗೆ ಗಂಟು ಮುಟ್ಟುವ ತನಕ ಕಂತು ಮಾತ್ರ ತಪ್ಪಿಸುವಂತಿಲ್ಲ. ಈ ತಿಂಗಳು ಬರದಿದ್ದವರಿಗೆ ಮುಂದಿನ ತಿಂಗಳು, ಇಲ್ಲವೇ ಅದರ ಮುಂದಿನ ತಿಂಗಳು. ಪಾಳಿ ಹಿಂದುಮುಂದಾಗಬಹುದು, ಅಷ್ಟೇ. ಬರದೇ ಉಳಿಯುವವರು ಅಂತ ಭಿಶಿಯಲ್ಲಿ ಇಲ್ಲ.

ಸುಭದ್ರಾಬಾಯಿಗಿಂತ ಮೊದಲು ಚೀಟಿ ಎತ್ತುತ್ತಿದ್ದವಳು ಕಿರಾಣಿ ಅಂಗಡಿಯವನ ಹೆಂಡತಿ. ಪ್ರತಿ ಭಿಶಿಯಲ್ಲೂ ಮೊದಲು ಆಕೆಯ ಕೈಗೆ ಆಕೆಯ ಹೆಸರೇ ಸಿಗುತ್ತಿತ್ತು. ಒಂದು ಸಲ, ಎರಡು ಸಲ ದೈವ ಎಂದು ಸುಮ್ಮನಿದ್ದ ಓಣಿ ಮೂರನೇ ಸಲಕ್ಕೆ ತಂಬಿಗೆಯನ್ನೇ ಎತ್ತಿ ಒಗೆಯಿತು. ಅಂದು ತಂಬಿಗೆಗೆ ಬಿದ್ದ ತಗ್ಗು ಇಂದಿಗೂ ಹಾಗೇ ಇದೆ. ಆಮೇಲೆ ಎಲ್ಲರೂ ಕೂತು ಒಂದು ಕಟ್ಟಳೆ ಮಾಡಿದರು. ಎತ್ತುವವಳ ಹೆಸರು ತಂಬಿಗೆಯಲ್ಲಿ ಇರಕೂಡದು, ಅವಳ ಪಾಳಿ ಎಲ್ಲರದೂ ಮುಗಿದ ಮೇಲೆ. ಇಂಥ ಕಟ್ಟಳೆಗೆ ಒಪ್ಪುವವರು ಯಾರು ಎಂದಾಗ ಎಲ್ಲರೂ ಓಣಿಯ ಹೊಸ ಸೊಸೆ ಸುಭದ್ರಾಬಾಯಿಯ ಕಡೆ ನೋಡಿದರು. ಹೊಸ ಸೊಸೆ ಒಲ್ಲೆ ಎನ್ನುವ ಪದ್ಧತಿ ಆಗ ಇರಲಿಲ್ಲ.

ಆ ಕೆಲಸಕ್ಕೆ ಅವಳಿಗೆ ಇನ್ನೊಂದು ಅರ್ಹತೆಯೂ ಇತ್ತು. ಓದಲು ಬರುತ್ತಿರಲಿಲ್ಲ. ಕೈ ಒಳಗೆ ಹಾಕುವಾಗ ಮುಖ ಮೇಲೆತ್ತಿ ಜಂತಿ ನೋಡುತ್ತಿದ್ದಳು. ಎತ್ತಿದ ಚೀಟಿಯನ್ನು ಪಕ್ಕದ ಮನೆಯ ಗೌಸಿಯಾಬೇಗಂಗೆ ಕೊಟ್ಟರೆ ಅವಳು ಓದಿ ಹೇಳುತ್ತಿದ್ದಳು. ಅಂದಿನಿಂದ ಇಂದಿನವರೆಗೆ ಸುಭದ್ರಾಬಾಯಿ ಎಲ್ಲರಿಗಿಂತ ಕೊನೆಗೆ ಗಂಟು ಪಡೆದಿದ್ದಾಳೆ. ಒಂದು ಸಲವೂ ತಪ್ಪದೆ ಪಡೆದಿದ್ದಾಳೆ ಎಂಬುದು ಮುಖ್ಯ.

ಅಫಜಲಪುರ ತಾಲೂಕಿನ ಕರಜಗಿ ಅವಳ ತವರು. ಅಲ್ಲಿ ಅಪ್ಪನ ಮನೆಯ ಪಡಸಾಲಿಯಲ್ಲಿ ಎರಡು ಕೌದಿ ಹಾಸಿದರೂ ಮಂದಿ ಓಡಾಡಲು ದಾರಿ ಇರುತ್ತಿತ್ತು. ಕೌದಿ ಹೊಲಿಯುವುದನ್ನು ಅವಳು ಅಲ್ಲೇ ಕಲಿತದ್ದು. ಆಳಂದಕ್ಕೆ ಬಂದ ಮೇಲೂ ಅದೇ ಅವಳ ದುಡಿಮೆ. ಹಳೇ ಸೀರೆ, ಧೋತರ ತಂದು ಕೊಟ್ಟರೆ ಕೌದಿ ಮಾಡಿಕೊಡುತ್ತಿದ್ದಳು. ಗಂಡ ಶಾಂತಲಿಂಗಪ್ಪ ದಾಲ್ ಮಿಲ್ಲಿನಲ್ಲಿ ತೊಗರಿಬ್ಯಾಳಿ ಚೀಲದ ಬಾಯಿ ಹೊಲಿಯುವವನು. ಇಬ್ಬರೂ ಸೂಜಿಯಿಂದಲೇ ಬದುಕಿದವರು. ಆದರೆ ಮಿಲ್ಲಿಗೆ ಜಾಗವಿತ್ತು, ಇವರ ಮನೆಗೆ ಇರಲಿಲ್ಲ. ಬಾಡಿಗೆಗೆ ಇದ್ದದ್ದು ಒಂದೇ ಖೋಲಿ. ಕೌದಿ ಹಾಸಿದರೆ ಶಾಂತಲಿಂಗಪ್ಪ ಹೊರಗೆ ಕಟ್ಟೆಯ ಮೇಲೆ ಕೂರಬೇಕು. ಶಾಂತಲಿಂಗಪ್ಪ ಮಲಗಿದರೆ ಕೌದಿ ಮಡಚಬೇಕು. ಜೇವರ್ಗಿಗೆ ಕೊಟ್ಟ ಮಗಳು ವಿದ್ಯಾವತಿ ತವರಿಗೆ ಬಂದರೆ ಕೌದಿಯೂ ಇಲ್ಲ, ಶಾಂತಲಿಂಗಪ್ಪನೂ ಇಲ್ಲ. ಅವನು ಹಾಸಿಗೆ ಸುತ್ತಿಕೊಂಡು ಮಿಲ್ಲಿಗೆ ಹೋಗುತ್ತಿದ್ದ. ಇದನ್ನು ಕಂಡ ಮಗಳು ಬರುವುದನ್ನೇ ಕಡಿಮೆ ಮಾಡಿದಳು. ಬಂದರೂ ಬೆಳಿಗ್ಗೆ ಬಂದು ಸಂಜೆಯ ಬಸ್ಸಿಗೆ ಹೊರಡುತ್ತಿದ್ದಳು. ಮಗಳು ನಾಲ್ಕು ದಿನ ಉಳಿದು ಹೋಗುವಷ್ಟು ನೆಲ ಬೇಕು ಎನ್ನುವುದೊಂದೇ ಸುಭದ್ರಾಬಾಯಿಯ ಆಸೆ. ಬೇರೆ ಆಸೆಗಳಿಗೂ ಆ ಖೋಲಿಯಲ್ಲಿ ಜಾಗವಿರಲಿಲ್ಲ ಅನ್ನಿ.

ಹೀಗಿರುವಾಗ ಊರ ಹೊರಗೆ ಬಡವರಿಗಾಗಿ ಮೂರು ಮಾಳಿಗೆಯ ಮನೆಗಳು ಎದ್ದವು. ಒಂದು ಹಾಲ್, ಒಂದು ಖೋಲಿ, ಅಡುಗೆಮನೆ, ಒಳಗೇ ಬಚ್ಚಲು. ಅರ್ಜಿ ಕೊಟ್ಟು ಸ್ವಲ್ಪ ದುಡ್ಡು ಕಟ್ಟಬೇಕು, ಲಾಟರಿ ಎತ್ತಿ ಹಂಚುತ್ತಾರೆ ಎಂದು ವಸತಿ ಕಚೇರಿಯಿಂದ ಸುದ್ದಿ ಬಂತು. ದುಡ್ಡು ಕಟ್ಟುವುದು, ಚೀಟಿ ಎತ್ತುವುದು. ಓಣಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. "ಸರ್ಕಾರದವರೂ ಭಿಶಿ ಚಾಲೂ ಮಾಡ್ಯಾರ" ಎಂದು ಗೌಸಿಯಾಬೇಗಂ ಹೇಳಿದಳು. ಅಲ್ಲಿಗೆ ಅದರ ಹೆಸರು ಸರ್ಕಾರದ ಭಿಶಿ ಎಂದಾಯಿತು. ಓಣಿಯಲ್ಲಿ ಮನೆಮನೆಯಿಂದ ಅರ್ಜಿ ಹೋದವು. ಗೌಸಿಯಾಬೇಗಂಳದೂ ಹೋಯಿತು, ಸುಭದ್ರಾಬಾಯಿಯದೂ ಹೋಯಿತು.

ಲಾಟರಿಯ ದಿನ ಕಟ್ಟಡದ ಮುಂದೆ ಶಾಮಿಯಾನ ಹಾಕಿದ್ದರು. ಕಚೇರಿಯ ಸಾಹೇಬರು ಹೊಸದಾಗಿ ವರ್ಗವಾಗಿ ಬಂದವರು, ಊಟದ ಹೊತ್ತಿಗೆ ಎಲ್ಲ ಮುಗಿಸುವ ಅಂದಾಜು ಅವರದು. ಮೇಜಿನ ಮೇಲೆ ಕಂಪ್ಯೂಟರ್ ಇತ್ತು, ಗುಂಡಿ ಒತ್ತಿದರೆ ಹೆಸರು ಬೀಳುತ್ತಿತ್ತು. ಆದರೆ ಗುಂಡಿ ಒತ್ತಲು ಮಂದಿ ಬಿಡಲಿಲ್ಲ. ಅದರ ಮುಂದೆ ಯಾರು ಕೂತಿರುತ್ತಾರೋ ಅವರ ಮಾತನ್ನು ಕೇಳುವ ಯಂತ್ರ ಅದು, ನಮ್ಮ ಮಾತು ಯಾಕೆ ಕೇಳುತ್ತದೆ ಎಂದು ಹಿಂದಿನಿಂದ ಒಬ್ಬರು ಕೇಳಿದರು. ಚೀಟಿ ಎತ್ತಬೇಕು ಎಂದು ಗದ್ದಲವಾಯಿತು. ಸಾಹೇಬರು ಗಡಿಯಾರ ನೋಡಿಕೊಂಡು ಆಗಲಿ ಎಂದರು. ಅರ್ಜಿದಾರರ ಪಟ್ಟಿಯನ್ನು ಕತ್ತರಿಸಿ ಹೆಸರಿಗೊಂದು ಚೀಟಿ ಮಾಡಿದರು.

ಎತ್ತುವವರು ಯಾರು? ಸಾಹೇಬರು ತಮ್ಮ ಜೀಪಿನ ಡ್ರೈವರನನ್ನು ತೋರಿಸಿದರು. ಅವನು ಸಾಹೇಬರ ಮನುಷ್ಯ ಎಂದರು ಮಂದಿ. ಶಾಲೆಯ ಹುಡುಗಿಯೊಬ್ಬಳನ್ನು ಕರೆತಂದರು. ಅವಳು ಯಾರ ಮಗಳು ಎಂದು ವಿಚಾರಿಸಿ ಅವಳನ್ನೂ ವಾಪಸು ಕಳಿಸಿದರು. ಕೊನೆಗೆ ಹೆಂಗಸರ ಸಾಲಿನಿಂದ ಗೌಸಿಯಾಬೇಗಂ ಎದ್ದು ನಿಂತಳು.

"ನಮ್ಮ ಸುಭದ್ರಾಬಾಯಿ ಎತ್ತಲಿ ರೀ. ಆಕಿ ಕೈ ಮ್ಯಾಲ ಯಾರದೂ ತಕರಾರ ಇಲ್ಲ."

ಓಣಿಯವರು ಹೌದು ಎಂದರು. ಅಕ್ಕಪಕ್ಕದ ಓಣಿಯವರಿಗೂ ಆ ಕೈಯ ಸುದ್ದಿ ಗೊತ್ತಿತ್ತು, ಅವರೂ ಹೌದು ಎಂದರು.

"ಆ ಬಾಯಿ ಅರ್ಜಿ ಹಾಕ್ಯಾರೇನು?" ಎಂದು ಸಾಹೇಬರು ಕೇಳಿದರು.

"ಹಾಕೇನಿ ರೀ" ಎಂದಳು ಸುಭದ್ರಾಬಾಯಿ.

"ಹಂಗಾದ್ರ ಬರಂಗಿಲ್ಲಮ್ಮ. ಅರ್ಜಿ ಹಾಕಿದವರು ಚೀಟಿ ಎತ್ತಂಗಿಲ್ಲ, ರೂಲ್ಸ್ ಅದ."

ಸುಭದ್ರಾಬಾಯಿಗೆ ಈ ಮಾತು ಕೇಳಿ ಸಮಾಧಾನವೇ ಆಯಿತು. ಸರ್ಕಾರಕ್ಕೂ ಭಿಶಿಯ ಕಟ್ಟಳೆ ಗೊತ್ತಿದೆಯಲ್ಲ ಎಂದುಕೊಂಡಳು. "ಅದೇನ್ ಹೊಸಾದಲ್ರಿ ಸಾಹೇಬ್ರ. ಎತ್ತಾಕಿ ಹೆಸರು ಒಳಗ ಇರಬಾರದು. ನಂದ ತೆಗೀರಿ."

ಗಂಡಸರ ಸಾಲಿನಲ್ಲಿದ್ದ ಶಾಂತಲಿಂಗಪ್ಪ ಅರ್ಧ ಎದ್ದ. "ಏ, ಒಂದ್ ಮಾತ್ ವಿಚಾರ ಮಾಡು."

"ಕೊನೀಗೆ ಬರ್ತದ, ಕುಂದರ್ರಿ" ಎಂದಳು ಅವಳು. ಇಷ್ಟು ವರ್ಷ ಕೊನೆಗೆ ಬಂದದ್ದನ್ನು ಅವನೂ ಕಂಡವನೇ. ಕೂತ.

ಕಚೇರಿಯ ಗುಮಾಸ್ತ ಸಂತೋಷಕುಮಾರ ಒಂದು ಹಾಳೆ ಬರೆದು ತಂದ. ಒಳ್ಳೆಯ ಹುಡುಗ, ಸುಮ್ಮನೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಜಾತಿಯವನಲ್ಲ. "ಅರ್ಜಿ ವಾಪಸ್ ತಗೊಂಡಂಗ ಆಗ್ತದ ನೋಡ್ರಿ, ಅಕ್ಕಾರ. ಗೊತ್ತದಲ್ರಿ?"

"ಗೊತ್ತದಪ. ನಾ ಬಂದಾಗಿಂದ ಇದನ್ನ ಮಾಡಾಕತ್ತೇನಿ."

ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದದ್ದು ಬೇರೆ ಬೇರೆ, ಅಷ್ಟೇ. ಮನೆ ಬೇಡವೆಂದು ಇಷ್ಟು ನಿಶ್ಚಿಂತೆಯಿಂದ ಹೆಬ್ಬೆಟ್ಟು ಒತ್ತಿದವರನ್ನು ಸಂತೋಷಕುಮಾರ ಎಂದೂ ಕಂಡಿರಲಿಲ್ಲ. ಎಂಥ ದೊಡ್ಡ ಮನಸ್ಸಿನ ಹೆಂಗಸು ಎಂದು ಅವನ ಕಣ್ಣಲ್ಲಿ ನೀರು ಬಂತು. ಅವಳ ಚೀಟಿಯನ್ನು ಹುಡುಕಿ ತೆಗೆದು ಹರಿದ.

ಚೀಟಿಗಳನ್ನು ನೀರಿನ ನೀಲಿ ಡ್ರಮ್ಮಿಗೆ ತುಂಬಿದ್ದರು. ಸುಭದ್ರಾಬಾಯಿ ಸೆರಗು ಸಿಕ್ಕಿಸಿಕೊಂಡು, ಮುಖವನ್ನು ಶಾಮಿಯಾನದ ಕಡೆ ಎತ್ತಿ, ತೋಳಿನ ತನಕ ಕೈ ಇಳಿಸಿದಳು. ಒಂದೊಂದೇ ಚೀಟಿ ಬಂತು, ಸಂತೋಷಕುಮಾರ ಮೈಕಿನಲ್ಲಿ ಓದಿದ. ಹೆಸರು ಬಂದವರು ಬಂದು ಅವಳ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೋದರು. ಕಿರಾಣಿಯವನ ಸೊಸೆಯ ಹೆಸರೂ ಬಂತು. ಗೌಸಿಯಾಬೇಗಂಳದು ಬಂದಾಗ ಅವಳು ಕುರ್ಚಿಯಿಂದ ಏಳಲಾರದೆ ಅಳುತ್ತ ಕೂತುಬಿಟ್ಟಳು. ಒಬ್ಬರಾದರೂ ತಕರಾರು ತೆಗೆಯಲಿಲ್ಲ. ಇಂಥ ಶಾಂತ ಲಾಟರಿ ತಮ್ಮ ನೌಕರಿಯಲ್ಲೇ ಕಂಡಿಲ್ಲ ಎಂದು ಸಾಹೇಬರು ಹೊಗಳಿದರು. ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು.

ಮನೆಗಳು ಮುಗಿದವು. ಡ್ರಮ್ಮಿನಲ್ಲಿ ಚೀಟಿಗಳು ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದ್ದವು. ಆಳೊಬ್ಬ ಡ್ರಮ್ ಬಗ್ಗಿಸಲು ಹೋದಾಗ ಸುಭದ್ರಾಬಾಯಿ ಅಂಚು ಹಿಡಿದಳು.

"ಚೆಲ್ಲಬ್ಯಾಡಪಾ. ಮುಂದಿನ ತಿಂಗಳಿಗೆ ಬೇಕಾಗ್ತಾವ." ಆಮೇಲೆ ಸಾಹೇಬರ ಕಡೆ ತಿರುಗಿದಳು. "ಮುಂದಿಂದು ಯಾವಾಗ್ರಿ?"

ಸಾಹೇಬರು ಊಟಕ್ಕೆ ಹೊರಟು ನಿಂತಿದ್ದರು. "ಯಾವುದಮ್ಮ?"

"ಉಳದವರ ಪಾಳಿ. ಅದಾದ ಮ್ಯಾಲ ನಂದು."

"ಮುಗೀತಲ್ಲಮ್ಮ. ಬಂದವರಿಗೆ ಬಂತು. ಉಳದವರಿಗೆ ಇಲ್ಲ."

"ಇಲ್ಲಂದ್ರ?"

"ಇಲ್ಲಂದ್ರ ಇಲ್ಲ."

ಸುಭದ್ರಾಬಾಯಿ ಸಂತೋಷಕುಮಾರನನ್ನು ನೋಡಿದಳು. ಅವನು ಹರಿದ ಚೀಟಿಯ ತುಂಡುಗಳಿಗಾಗಿ ನೆಲ ನೋಡುತ್ತಿದ್ದ. ಸಿಕ್ಕಿದ್ದರೂ ಉಪಯೋಗವಿರಲಿಲ್ಲ. "ಹಂಗಿದ್ರ ಇದಕ್ಕ ಭಿಶಿ ಅಂತ ಯಾಕ ಅಂದ್ರಿ?" ಎಂದು ಅವಳು ಕೇಳಿದಳು.

"ನಾವ್ಯಾರೂ ಅಂದಿಲ್ಲ ರೀ" ಎಂದ ಅವನು. ಅದು ಖರೆಯೇ ಆಗಿತ್ತು. ಅಂದವಳು ಗೌಸಿಯಾಬೇಗಂ, ಅವಳು ಈಗ ಮನೆ ಬಂದದ್ದಕ್ಕಲ್ಲ, ಬೇರೆ ಕಾರಣಕ್ಕೆ ಅಳುತ್ತಿದ್ದಳು.

ಮನೆಗೆ ಬಂದು ಸುಭದ್ರಾಬಾಯಿ ಶಾಲು ಮಡಚಿಟ್ಟಳು. ಅವಳಿಗೆ ದುಃಖವಾಗಿತ್ತು, ದುಃಖಕ್ಕಿಂತ ಹೆಚ್ಚು ನಾಚಿಕೆಯಾಗಿತ್ತು. ಡ್ರಮ್ಮಿನಲ್ಲೇ ಉಳಿದು ಹೋದವರು ಕನಿಷ್ಠ ತಮ್ಮ ದೈವವನ್ನಾದರೂ ಬಯ್ಯಬಹುದಿತ್ತು. ಅವಳಿಗೆ ಆ ಸೌಕರ್ಯವೂ ಇರಲಿಲ್ಲ. ಶಾಂತಲಿಂಗಪ್ಪ ಚಾ ಮಾಡಿ ತಂದ. ಸಕ್ಕರೆ ಹಾಕುವುದು ಮರೆತಿದ್ದ. ಇಬ್ಬರೂ ಅದನ್ನು ಹಾಗೇ ಕುಡಿದರು.

ಕೆಲವು ತಿಂಗಳಿಗೆ ಬೀಗದ ಕೈ ಸಿಕ್ಕವರು ಹೊಸ ಮನೆಗೆ ಹೋದರು. ಗೌಸಿಯಾಬೇಗಂ ಹೋದ ವಾರದೊಳಗೇ ವಾಪಸು ಬಂದು ಸುಭದ್ರಾಬಾಯಿಯ ಬಾಗಿಲಲ್ಲಿ ನಿಂತಳು. "ಕೌದಿ ತಗೊಂಡು ನಡಿ ಅಕ್ಕಾ. ನಮ್ಮ ಹಾಲ್‌ನ್ಯಾಗ ಹಾಸಿ ಹೊಲಿಯುವಂತಿ."

ಸುಭದ್ರಾಬಾಯಿ ಹೋದಳು. ಹಾಲ್‌ನಲ್ಲಿ ಕೌದಿ ಹಾಸಿದಳು. ನಾಲ್ಕೂ ಕಡೆ ನೆಲ ಉಳಿಯಿತು, ಒಂದು ಕಡೆಯಂತೂ ಒಬ್ಬರು ಕಾಲು ಚಾಚಿ ಮಲಗುವಷ್ಟು ಉಳಿಯಿತು. ಅವಳು ಆ ಜಾಗವನ್ನು ಸ್ವಲ್ಪ ಹೊತ್ತು ನೋಡಿದಳು. ಒಂದು ಸಾಲು ಹೊಲಿದಳು, ಗೌಸಿಯಾ ಕೊಟ್ಟ ಚಾ ಕುಡಿದಳು, ಕೌದಿ ಮಡಚಿ ಹೆಗಲಿಗೆ ಹಾಕಿಕೊಂಡು ಹೊರಟಳು.

"ಯಾಕ ಅಕ್ಕಾ?"

"ಮನಿ ಚಂದ ಅದ. ಬರ್ತೇನಿ."

ಮತ್ತೆ ಹೋಗಲಿಲ್ಲ. ಸಿಟ್ಟಲ್ಲ. ಆ ಉಳಿದ ನೆಲ ನೋಡಿದರೆ ಮಗಳ ನೆನಪಾಗುತ್ತಿತ್ತು.

ಓಣಿಯ ಭಿಶಿ ಮುಗಿದು ಹೊಸದು ಶುರುವಾಗುವ ದಿನ ಬಂತು. ಓಣಿ ಬಿಟ್ಟು ಹೋದವರೂ ಭಿಶಿ ಬಿಟ್ಟಿರಲಿಲ್ಲ, ಆಟೋ ಮಾಡಿಕೊಂಡು ಬಂದಿದ್ದರು. ಕಿರಾಣಿಯವನ ಸೊಸೆಯೂ ಬಂದಿದ್ದಳು. ಎಲ್ಲರೂ ಸುಭದ್ರಾಬಾಯಿಯ ಖೋಲಿಯಲ್ಲಿ ಹೇಗೋ ಒತ್ತಿಕೊಂಡು ಕೂತರು. ತಗ್ಗು ಬಿದ್ದ ತಂಬಿಗೆಯನ್ನು ಅವಳ ಮುಂದೆ ಇಟ್ಟರು. ಅವಳು ಜಂತಿ ನೋಡಲಿಲ್ಲ, ಕೈ ಹಾಕಲೂ ಇಲ್ಲ.

"ಮೊದಲ ಒಂದ ಮಾತ ಹೇಳ್ರಿ. ಇದು ಎಲ್ಲಾರಿಗೂ ಮುಟ್ಟತದೇನು?"

ಇಷ್ಟು ವರ್ಷದಲ್ಲಿ ಇದನ್ನು ಕೇಳಿದವರೇ ಇರಲಿಲ್ಲ.

"ಮುಟ್ಟತದ ಅಕ್ಕಾ" ಎಂದಳು ಗೌಸಿಯಾಬೇಗಂ.

"ನೀ ಒಬ್ಬಾಕಿ ಅಂದ್ರ ಆಗಂಗಿಲ್ಲ. ಒಬ್ಬೊಬ್ಬರ ಹೇಳ್ರಿ."

ಒಬ್ಬೊಬ್ಬರಾಗಿ ಹೇಳಿದರು. ಮನೆ ಬಂದವರು ಕೆಳಗೆ ನೋಡುತ್ತ ಹೇಳಿದರು, ಬರದಿದ್ದವರು ಅವಳ ಮುಖ ನೋಡಿ ಹೇಳಿದರು. ಎಲ್ಲರದೂ ಆಗುವ ತನಕ ಅವಳು ಕಾದಳು. ಆಮೇಲೆ ಗೌಸಿಯಾಗೆ ಇನ್ನೊಂದು ಚೀಟಿ ಬರೆಯಲು ಹೇಳಿದಳು.

"ಯಾರ ಹೆಸರು?"

"ನಂದು."

ಗೌಸಿಯಾ ಬರೆದಳು. ಎತ್ತುವವಳ ಹೆಸರು ತಂಬಿಗೆಯಲ್ಲಿ ಇರಕೂಡದು ಎಂಬ ಕಟ್ಟಳೆ ಅಲ್ಲಿದ್ದ ಎಲ್ಲರಿಗೂ ನೆನಪಿತ್ತು. ಯಾರೂ ಆ ಮಾತು ತೆಗೆಯಲಿಲ್ಲ. ಸುಭದ್ರಾಬಾಯಿ ಮುಖ ಮೇಲೆತ್ತಿ ಕೈ ಹಾಕಿದಳು. ಬಂದದ್ದು ಕಿರಾಣಿಯವನ ಸೊಸೆಯ ಹೆಸರು. ಗಂಟು ಎಣಿಸಿ ಅವಳ ಕೈಗೆ ಕೊಟ್ಟರು. ಮಂದಿ ಏಳಲು ನೋಡಿದಾಗ ಸುಭದ್ರಾಬಾಯಿ ತಂಬಿಗೆಯ ಬಾಯಿಗೆ ಅಂಗೈ ಮುಚ್ಚಿದಳು.

"ನಂದು ಒಳಗ ಅದ ಅಲ್ಲ?"

ಗೌಸಿಯಾಬೇಗಂ ತಂಬಿಗೆ ಬಗ್ಗಿಸಿ, ಚೀಟಿಗಳನ್ನೆಲ್ಲ ನೆಲಕ್ಕೆ ಸುರಿದು, ಒಂದೊಂದನ್ನೇ ಬಿಡಿಸಿ ನೋಡಿ, ಒಂದನ್ನು ಅವಳ ಮುಂದೆ ಇಟ್ಟಳು. "ಇದ ನೋಡು ಅಕ್ಕಾ. ನಿಂದ."

ಸುಭದ್ರಾಬಾಯಿಗೆ ಓದಲು ಬರುತ್ತಿರಲಿಲ್ಲ. ಅವಳು ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಚೀಟಿಯನ್ನು ತಾನೇ ಮಡಚಿ, ತಂಬಿಗೆಯೊಳಗೆ ಹಾಕಿದಳು.