ಹಾವಿನ ಕಾಲಿನ ಅಕ್ಕೋರು
ನರೇಗಲ್ಲಿನಲ್ಲಿ ಯಾರ ಮನೆಯಲ್ಲಿ ಹಾವು ಕಂಡರೂ ಬಡಿಗೆಗಿಂತ ಮೊದಲು ಬಂದು ನಿಲ್ಲುವವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾಜಮೀನ ಅಕ್ಕೋರು. ಬಂದವರೇ ಜನರನ್ನೆಲ್ಲ ದೂರ ಸರಿಸಿ, ಕುರ್ಚಿ ಹಾಕಿಸಿಕೊಂಡು, ಚೀಲದಿಂದ ಒಂದು ಚಿತ್ರ ತೆಗೆಯುತ್ತಾರೆ. “ಅರ್ಜೆಂಟೀನಾದ ಕಲ್ಲಿನೊಳಗ ಸಿಕ್ಕ ಹಾವು ನೋಡ್ರಿ ಇದು. ಒಂಬತ್ತು ಕೋಟಿ ವರ್ಷಕ್ಕೂ ಹಳೇದು. ಮುಂದಿನ ಕಾಲು ಹೋಗ್ಯಾವ, ಹಿಂದಿನ ಎರಡು ಹಂಗ ಅದಾವ” ಎಂದು ಶುರುವಾದರೆ, ಗುಜರಾತಿನಲ್ಲಿ ಡೈನೋಸಾರಿನ ತತ್ತಿಗೆ ಸುತ್ತಿಕೊಂಡೇ ಕಲ್ಲಾದ ಹಾವನ್ನು ತಲುಪುವವರೆಗೆ ನೀರನ್ನೂ ಕೇಳುವುದಿಲ್ಲ. ಸಂತೆಯಲ್ಲಿ ಪಡವಲಕಾಯಿ ಎತ್ತಿ ಹಿಡಿದು, ಕಾಲು ಎಲ್ಲಿದ್ದವೆಂದು ಕಾಯಿಪಲ್ಲೆಯವರಿಗೆಲ್ಲ ತೋರಿಸಿ, ಕೊನೆಗೆ ಕಾಯಿ ಕೊಳ್ಳುವುದನ್ನೇ ಮರೆತು ಮನೆಗೆ ಬರುವವರು ಅವರು. ಆದರೆ ಹಾವು ಹಿಡಿಯಲು ಅವರಿಗೆ ಬರುವುದೇ ಇಲ್ಲ. ಹಿಡಿಯುವ ತೋಟಪ್ಪ ಗಜೇಂದ್ರಗಡದಿಂದ ಬೈಕಿನಲ್ಲಿ ಬರಲು ಮುಕ್ಕಾಲು ತಾಸು ಬೇಕು. ಅಲ್ಲಿಯ ತನಕ ಬಡಿಗೆಗಳನ್ನು ಮಾತಿನಲ್ಲೇ ತಡೆಯಬೇಕು, ಅದಕ್ಕೇ ಕಥೆ ಅಷ್ಟು ಉದ್ದ. ಮೊನ್ನೆ ಸಿದ್ದವ್ವನ ಹಿತ್ತಲಿಗೆ ನಾಗರಹಾವು ಬಂದ ದಿನ ತೋಟಪ್ಪನ ಬೈಕು ದಾರಿಯಲ್ಲಿ ಪಂಕ್ಚರ್ ಆಯಿತು. ಅಕ್ಕೋರ ಕಥೆ ಎರಡು ಸಲ ಮುಗಿದುಹೋಯಿತು. ಚಿತ್ರ ಹಿಡಿದುಕೊಂಡೇ ಅವರು ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡರು. ಸಿದ್ದವ್ವ ಮಗನ ಕೈಯಿಂದ ಬಡಿಗೆ ಕಸಿದು ಮೂಲೆಗಿಟ್ಟು, ಚಹಾ ತಂದುಕೊಟ್ಟಳು. “ನಿಮಗ ಹಾವಂದ್ರ ಭಾಳ ಅಂಜಿಕಿ ಅಂತ ಊರಿಗೆಲ್ಲಾ ಗೊತ್ತೈತ್ರಿ, ಅಕ್ಕೋರ. ನಾವ್ಯಾರೂ ಹೊಡಿಯಂಗಿಲ್ಲ. ತೋಟಪ್ಪ ನಿಧಾನ ಬರ್ಲಿ, ನೀವು ಚಾ ಕುಡೀರಿ.”