ಹಿಮ ಬೀಳದೆ ಬೆಳೆದ ಮಂಜುಗಡ್ಡೆ

ನಾನು ಆದೋನಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮದು ಹತ್ತಿ ವ್ಯಾಪಾರದ ಮನೆ. ನನ್ನ ಓದಿಗೆ ಯಾರೂ ಅಡ್ಡ ಬರಲಿಲ್ಲ. ಸಂಶೋಧನೆಗೆ ನಾನು ಆರಿಸಿಕೊಂಡದ್ದು ಅಂಟಾರ್ಕ್ಟಿಕಾದ ಮಂಜುಗಡ್ಡೆ. ಕಿಲೋಮೀಟರುಗಟ್ಟಲೆ ದಪ್ಪದ ಆ ಹಾಸು ತನ್ನ ಭಾರಕ್ಕೆ ತಾನೇ ನಲುಗಿ, ಅಂಚಿನ ಕಡೆಗೆ ಬಹಳ ನಿಧಾನವಾಗಿ ಹರಿಯುತ್ತದೆ. ಆ ಹರಿವನ್ನು ಲೆಕ್ಕ ಹಾಕುವ ಪ್ರೋಗ್ರಾಂ ಬರೆಯಲು ನನಗೆ ನಾಲ್ಕು ವರ್ಷ ಹಿಡಿಯಿತು. ಅದರ ಸೊಕ್ಕು ನನಗೆ ಚೆನ್ನಾಗಿಯೇ ಇತ್ತು.

ಎಂ.ಎಸ್ಸಿ. ಕೊನೆಯ ವರ್ಷದ ಒಬ್ಬ ಹುಡುಗಿಗೆ ಪ್ರಾಜೆಕ್ಟಿಗೆಂದು ಅದನ್ನೇ ಕೊಟ್ಟೆ. ಚಿಪ್ಪಗಿರಿ ಕಡೆಯವಳು, ತಾಯಿ ಕೂಲಿಗೆ ಹೋಗುತ್ತಿದ್ದಳು. ಒಂದು ದಿನ ತುಂಬಿದ ತರಗತಿಯಲ್ಲಿ ಆ ಹುಡುಗಿ ಎದ್ದು ನಿಂತಳು.

“ಮೇಡಂ, ಹಿಮ ಬೀಳೋದು ಸೊನ್ನೆ ಇಟ್ಟು ನೋಡಿದ್ನಿರಿ. ಆದ್ರೂ ಐಸ್ ಹೆಚ್ಚಾಗಾಕತ್ತೈತ್ರಿ. ಪ್ರೋಗ್ರಾಂನಾಗ ಎಲ್ಲೋ ತಪ್ಪೈತಿ ಅನಸ್ತೈತ್ರಿ.”

“ಪುಲ್ಲ ಐಸ್ ಚೀಪಿ ಬೆಳದಾಕಿ, ನನಗ ಅಂಟಾರ್ಕ್ಟಿಕಾ ಕಲಸ್ತಿಯೇನು?” ಎಂದೆ. ಪುಲ್ಲ ಐಸ್ ಎಂದರೆ ನಮ್ಮ ಕಡೆ ಬೀದಿಯಲ್ಲಿ ಮಾರುವ ಅಗ್ಗದ ಕಡ್ಡಿ ಐಸು.

ತರಗತಿ ಘೊಳ್ಳೆಂದಿತು. ಕೂತ್ಕೋ ಎನ್ನಬಹುದಿತ್ತು. ನಗು ತಾನಾಗಿ ನಿಲ್ಲುವವರೆಗೂ ಅವಳನ್ನು ನಿಲ್ಲಿಸಿಯೇ ಇಟ್ಟೆ.

ಮರುದಿನದಿಂದ ಅವಳಿಗೆ ಅದೇ ಹೆಸರಾಯಿತು. “ಏ ಪುಲ್ಲ ಐಸ್, ಇಟು ರಾ!” ಎಂದು ಹುಡುಗರು ವರಾಂಡದಲ್ಲಿ ಕೂಗಿ ಹತ್ತಿರ ಕರೆಯುವುದು ಸ್ಟಾಫ್ ರೂಮಿಗೂ ಕೇಳುತ್ತಿತ್ತು. ನಾನು ಗದರಲಿಲ್ಲ. ನಿಜ ಹೇಳಬೇಕೆಂದರೆ, ನನಗೆ ಖುಷಿಯೇ ಆಗುತ್ತಿತ್ತು.

ಸಂಶೋಧನೆಗೆ ಅರ್ಜಿ ಹಾಕಲು ನನ್ನ ಶಿಫಾರಸು ಪತ್ರ ಬೇಕೆಂದು ಅವಳು ಮೂರು ಸಲ ಬಂದಳು. ಮೂರು ಸಲವೂ “ನೋಡೋಣ” ಎಂದೆ. ಕೊನೆಯ ದಿನಾಂಕ ನನಗೆ ಗೊತ್ತಿತ್ತು. ಅದು ದಾಟಲಿ ಎಂದೇ ಸುಮ್ಮನಿದ್ದೆ.

ಬೇಸಿಗೆ ರಜೆಯಲ್ಲಿ ತಪ್ಪು ಸಿಕ್ಕಿತು. ಹಾಸಿನ ಅಂಚಿನಲ್ಲಿ ದಪ್ಪದ ಲೆಕ್ಕ ಸೊನ್ನೆಗಿಂತ ಕೆಳಗಿಳಿದರೆ ಅದನ್ನು ಸೊನ್ನೆ ಮಾಡು ಎಂದು ನಾನೇ ಬರೆದಿದ್ದೆ. ಹಾಗೆ ಮಾಡಿದಾಗಲೆಲ್ಲ ಇಲ್ಲದ ಐಸ್ ಹುಟ್ಟುತ್ತಿತ್ತು. ಸರಿಪಡಿಸಿದೆ, ಪ್ರಬಂಧ ಬರೆದೆ, ಅಚ್ಚಾಯಿತು. ಅವಳ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ.

ಹೋದ ವರ್ಷ ಮದ್ದಿಕೇರಕ್ಕೆ ಹೋಗುವ ಬಸ್ಸಿನಲ್ಲಿ ಅವಳೇ ಬಂದು ಪಕ್ಕದಲ್ಲಿ ಕೂತಳು. ಅಲ್ಲಿನ ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದಳು, ತೊಡೆಯ ಮೇಲೆ ಮಕ್ಕಳ ನೋಟ್‌ಬುಕ್ಕುಗಳು.

“ಆವತ್ತ ನೀ ಹೇಳಿದ್ದು ಖರೇ ಇತ್ತವಾ,” ಎಂದೆ.

“ಗೊತ್ತೈತ್ರಿ ಮೇಡಂ. ನಿಮ್ಮ ಪೇಪರ್ ಓದೀನ್ರಿ.” ನೋಟ್‌ಬುಕ್ಕುಗಳನ್ನು ಸರಿಯಾಗಿ ಜೋಡಿಸಿಕೊಂಡು ಕೇಳಿದಳು: “ಲೆಟರ್ ಯಾಕ ಕೊಡ್ಲಿಲ್ರಿ?”

“ಮರ್ತಿದ್ದೆ.”

ಅವಳು ನನ್ನ ಮುಖವನ್ನೇ ನೋಡಿದಳು. ನಾನು ತಡವರಿಸುತ್ತಾ, “ಈಗ ಅರ್ಜಿ ಹಾಕು, ಬರ್ದು ಕೊಡ್ತೀನಿ” ಎಂದೆ.

“ಬ್ಯಾಡ್ರಿ,” ಎಂದಳು. ಪುಸ್ತಕಗಳನ್ನು ಎದೆಗವಚಿಕೊಂಡು ಎದ್ದು, ಮುಂದಿನ ಖಾಲಿ ಸೀಟಿಗೆ ಹೋಗಿ ಕೂತಳು.